ಟೆಂಟ್‌ನಲ್ಲಿ ಪುಟ್ಟ ಮಗು ಬೆಚ್ಚಗೆ ಮಲಗಬೇಕೆಂದರೆ: ಹಾಸಿನಿಂದ ಶುರು ಮಾಡಿ

ನವೆಂಬರ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. "ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಟೆಂಟ್ ಬುಕ್ ಮಾಡಿದ್ದೇವೆ. ಮಗಳಿಗೆ ಎರಡು ವರ್ಷ. ರಾತ್ರಿ ಚಳಿಗೆ ಏನು ಮಾಡೋದು? ಎಷ್ಟು ಸ್ವೆಟರ್ ಹಾಕಬೇಕು? ಎಷ್ಟು ರಗ್ಗು ಹೊದಿಸಬೇಕು?" ಮಡಿಕೇರಿ, ಸಕಲೇಶಪುರ, ಕೆಮ್ಮಣ್ಣುಗುಂಡಿ ಅಂತ ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಅದೇ. ಒಬ್ಬೊಬ್ಬರಿಗೂ ಎರಡು ಸಾಲಿನ ಉತ್ತರ ಕೊಟ್ಟರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಎಲ್ಲರೂ ಕೇಳುವುದು ಮೇಲೆ ಏನು ಹೊದಿಸಬೇಕು ಅಂತ. ಆದರೆ ಟೆಂಟ್‌ನಲ್ಲಿ ಮಗುವಿಗೆ ಚಳಿ ಹತ್ತುವುದು ಜಾಸ್ತಿ ಕೆಳಗಿನಿಂದ. ರಾತ್ರಿಯಿಡೀ ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮೇಲೆ ನಾಲ್ಕು ರಗ್ಗು ಹೊದಿಸಿ, ಕೆಳಗೆ ತೆಳ್ಳನೆಯ ಹಾಸು ಹಾಕಿದರೆ ಬೆಳಗಿನ ಜಾವಕ್ಕೆ ಮಗು ನಡುಗುವುದು ಖಂಡಿತ. ಆದ್ದರಿಂದ ಮೊದಲು ಹಾಸು, ಆಮೇಲೆ ಒಣಗಿದ ಬಟ್ಟೆ, ಕೊನೆಗೆ ಹೊದಿಕೆ. ಈ ಕ್ರಮವನ್ನು ತಲೆಯಲ್ಲಿಟ್ಟುಕೊಂಡೇ ಮುಂದೆ ಓದಿ.

ಯಾವ ವಯಸ್ಸಿನ ಮಗುವಿಗೆ ಇದು

ಇಲ್ಲಿ ಬರೆದಿರುವುದು ಒಂದು ವರ್ಷ ತುಂಬಿ ಮೂರು, ಮೂರೂವರೆಯೊಳಗಿರುವ ಮಕ್ಕಳಿಗೆ. ಒಂದು ವರ್ಷದೊಳಗಿನ ಕೂಸನ್ನು ಚಳಿಗಾಲದಲ್ಲಿ ಟೆಂಟ್‌ನಲ್ಲಿ ಮಲಗಿಸಬೇಡಿ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಅಷ್ಟು ಚಿಕ್ಕ ಮಕ್ಕಳ ಹತ್ತಿರ ಸಡಿಲವಾದ ಹೊದಿಕೆ, ದಿಂಬು, ಮೆತ್ತನೆಯ ಹಾಸಿಗೆ ಯಾವುದೂ ಇರಬಾರದು, ಉಸಿರು ಕಟ್ಟುವ ಅಪಾಯ ಇದೆ ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ಟೆಂಟ್‌ನಲ್ಲಿ ಇರುವುದೆಲ್ಲ ಅದೇ ಅಲ್ವಾ? ಹೆಚ್ಚಿನ ಹೋಮ್‌ಸ್ಟೇಗಳಲ್ಲಿ ಟೆಂಟ್ ಜೊತೆಗೆ ರೂಮೂ ಇರುತ್ತದೆ. ಕೂಸಿನ ಜೊತೆ ಒಬ್ಬರು ರೂಮಿನಲ್ಲಿ ಮಲಗಲಿ.

ಮಗುವಿಗೆ ನೆಗಡಿ, ಕೆಮ್ಮು, ಜ್ವರ ಶುರುವಾಗಿದ್ದರೂ ಅಷ್ಟೇ. ಬುಕಿಂಗ್ ದುಡ್ಡು ಹೋದರೆ ಹೋಗಲಿ, ಪ್ರವಾಸ ಮುಂದಕ್ಕೆ ಹಾಕಿ.

ದೊಡ್ಡವರಿಗಿಂತ ಮಕ್ಕಳಿಗೆ ಯಾಕೆ ಬೇಗ ಚಳಿಯಾಗುತ್ತದೆ? ಅವರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ. ಹಾಗಾಗಿ ಮೈಬಿಸಿ ಬೇಗ ಹೊರಗೆ ಹೋಗುತ್ತದೆ. ನಿದ್ದೆಯಲ್ಲಿ ಹೊದಿಕೆ ಒದ್ದು ಹಾಕುತ್ತಾರೆ, ಮತ್ತೆ ಎಳೆದುಕೊಳ್ಳಲು ಬರುವುದಿಲ್ಲ. ಚಳಿಯಾಗುತ್ತಿದೆ ಅಂತ ಎರಡು ವರ್ಷದ ಮಗು ಬಾಯಿಬಿಟ್ಟು ಹೇಳುವುದೂ ಇಲ್ಲ. ಸುಮ್ನೆ ಅಳುತ್ತದೆ, ಇಲ್ಲವೇ ಮುದುರಿಕೊಳ್ಳುತ್ತದೆ.

ಏನೇನು ಬೇಕು

ಪಟ್ಟಿ ಉದ್ದವಿಲ್ಲ. ಫೋಮ್ ಮ್ಯಾಟ್ ಒಬ್ಬೊಬ್ಬರಿಗೆ ಎರಡು. ಒಂದು ಉಣ್ಣೆ ಕಂಬಳಿ. ಒಂದು ಕೌದಿ ಅಥವಾ ದಪ್ಪ ಬೆಡ್‌ಶೀಟ್. ಮಗುವಿಗೆ ತೊಡಿಸುವ ಮಲಗುವ ಚೀಲ, ಅಂದರೆ ಸ್ಲೀಪ್ ಸ್ಯಾಕ್. ಥರ್ಮಲ್ ಒಳ ಉಡುಪು ಎರಡು ಜೊತೆ, ಫ್ಲೀಸ್ ಬಟ್ಟೆ ಒಂದು ಜೊತೆ, ಮಲಗುವಾಗ ಮಾತ್ರ ಹಾಕುವ ಉಣ್ಣೆ ಕಾಲುಚೀಲ, ಕಟ್ಟುವ ದಾರ ಇಲ್ಲದ ಟೋಪಿ. ರಬ್ಬರಿನ ಬಿಸಿನೀರಿನ ಚೀಲ. ಫ್ಲಾಸ್ಕು. ಥರ್ಮಾಮೀಟರ್. ಹಣೆಗೆ ಕಟ್ಟುವ ಟಾರ್ಚು. ಡೈಪರ್ ಹಾಕುವ ಮಗುವಾದರೆ ಅಂದುಕೊಂಡದ್ದಕ್ಕಿಂತ ನಾಲ್ಕು ಜಾಸ್ತಿ.

1. ಎಷ್ಟು ಚಳಿ ಇರುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ

ಡಿಸೆಂಬರ್, ಜನವರಿಯಲ್ಲಿ ಕೊಡಗು, ಚಿಕ್ಕಮಗಳೂರಿನ ಕಡೆ ರಾತ್ರಿ 10ರಿಂದ 15 ಡಿಗ್ರಿ ಸೆಲ್ಸಿಯಸ್ ಸಾಮಾನ್ಯ. ಕೆಲವು ರಾತ್ರಿ ಇನ್ನೂ ಇಳಿಯುತ್ತದೆ. ಊಟಿಯಲ್ಲಂತೂ ಜನವರಿಯಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟುವುದುಂಟು. ಚಿಕ್ಕ ಮಗುವಿನ ಮೊದಲ ಟೆಂಟ್ ರಾತ್ರಿಗೆ ಊಟಿ ಬೇಡ.

ಫೋನಿನಲ್ಲಿ ಕಾಣುವ ಹವಾಮಾನ ಪೇಟೆಯದ್ದು, ನೀವು ಮಲಗುವ ಗುಡ್ಡದ್ದಲ್ಲ. ಸಾವಿರ ಮೀಟರ್ ಮೇಲೆ ಹತ್ತಿದರೆ ಸುಮಾರು 6 ಡಿಗ್ರಿ ಕಡಿಮೆಯಾಗುತ್ತದೆ. ಚಿಕ್ಕಮಗಳೂರು ಪೇಟೆಗಿಂತ ನಿಮ್ಮ ಜಾಗ 500 ಮೀಟರ್ ಮೇಲಿದ್ದರೆ ಫೋನ್ ತೋರಿಸುವುದರಲ್ಲಿ 3 ಡಿಗ್ರಿ ಕಳೆಯಿರಿ. ಗಾಳಿ ಬೀಸುವ ಬಯಲಾದರೆ ಅದಕ್ಕಿಂತಲೂ ಚಳಿ ಅನ್ನಿಸುತ್ತದೆ.

ನನ್ನ ಮಿತಿ ಇಷ್ಟು: ಕನಿಷ್ಠ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಹೋಗುವ ಸೂಚನೆ ಇದ್ದರೆ, ಮೊದಲ ಸಲ ಹೋಗುವವರು ಟೆಂಟ್ ಬಿಟ್ಟು ರೂಮ್ ತೆಗೆದುಕೊಳ್ಳಿ.

ಬುಕ್ ಮಾಡುವಾಗಲೇ ಕೇಳಬೇಕಾದ ಪ್ರಶ್ನೆಗಳಿವೆ. ಹಾಸಲು ಏನು ಕೊಡುತ್ತೀರಿ? ಎಷ್ಟು ದಪ್ಪ? ಟೆಂಟ್ ಮೇಲೆ ಇನ್ನೊಂದು ಹೊದಿಕೆ ಇದೆಯಾ? ರಾತ್ರಿ ಬೇಕಾದರೆ ಒಂದು ರೂಮ್ ಸಿಗುತ್ತಾ? "ಎಲ್ಲಾ ಇದೆ ಸಾರ್" ಅನ್ನುವ ಉತ್ತರಕ್ಕೆ ಸಮಾಧಾನ ಪಡಬೇಡಿ, ಫೋಟೋ ಕಳಿಸಲು ಹೇಳಿ. ಎಷ್ಟೋ ಕಡೆ ಕೊಡುವುದು ಬೆರಳು ದಪ್ಪವೂ ಇಲ್ಲದ ಒಂದು ಮ್ಯಾಟ್, ಒಂದು ಸ್ಲೀಪಿಂಗ್ ಬ್ಯಾಗ್, ಅಷ್ಟೇ. ಹತ್ತಿರದ ಆಸ್ಪತ್ರೆ ಎಷ್ಟು ದೂರ, ಅಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತಾ ಅಂತಲೂ ಈಗಲೇ ಕೇಳಿಕೊಳ್ಳಿ.

2. ಮನೆಯಲ್ಲಿ ಒಂದು ರಾತ್ರಿ ಮಲಗಿ ನೋಡಿ

ಮಲಗುವ ಚೀಲವನ್ನು ಮಗು ಮೊದಲ ಸಲ ನೋಡುವುದು ಕಾಡಿನ ಕತ್ತಲಲ್ಲಿ ಆಗಬಾರದು. ಒಂದು ವಾರ ಮುಂಚೆಯೇ ಮನೆಯಲ್ಲಿ ಅದನ್ನು ಹಾಕಿ ಮಲಗಿಸಿ. ಟೆಂಟ್ ನಿಮ್ಮದೇ ಆದರೆ ಹಾಲ್‌ನಲ್ಲೋ ತಾರಸಿಯ ಮೇಲೋ ಬಿಡಿಸಿ, ಎಲ್ಲರೂ ಒಂದು ರಾತ್ರಿ ಒಳಗೆ ಮಲಗಿ. ಹಾಸು ಸಾಕಾಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ತಾರಸಿಯ ಸಿಮೆಂಟು ನೆಲವೂ ಬೆನ್ನಿನ ಬಿಸಿಯನ್ನು ಚೆನ್ನಾಗಿಯೇ ಎಳೆಯುತ್ತದೆ.

3. ಟೆಂಟ್ ಹಾಕುವ ಜಾಗ

ತಣ್ಣನೆಯ ಗಾಳಿ ಭಾರ. ರಾತ್ರಿ ಅದು ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಳ್ಳದ ದಂಡೆ, ಗದ್ದೆ ಬಯಲು, ಕಣಿವೆಯ ತಳ ನೋಡಲು ಚೆಂದ, ಮಲಗಲು ಥಂಡಿ. ಇಬ್ಬನಿಯೂ ಅಲ್ಲೇ ಜಾಸ್ತಿ. ಗುಡ್ಡದ ನೆತ್ತಿಯಾದರೆ ಗಾಳಿ. ಹಳ್ಳದಿಂದ ಸ್ವಲ್ಪ ಮೇಲೆ, ಗಾಳಿಗೆ ಮರೆಯಾದ, ಬೆಳಗ್ಗೆ ಬೇಗ ಬಿಸಿಲು ಬೀಳುವ ಸಮತಟ್ಟು ಜಾಗ ಸಿಕ್ಕರೆ ಅದೇ ಒಳ್ಳೆಯದು. ಮೇಲೆ ಒಣಗಿದ ಕೊಂಬೆ ಇಲ್ಲ ಅಂತ ನೋಡಿಕೊಳ್ಳಿ.

ಕಾಡಿನೊಳಗೆ ನೀವೇ ಹೋಗಿ ಟೆಂಟ್ ಹಾಕುವುದು ಬೇಡವೇ ಬೇಡ. ಅರಣ್ಯ ಇಲಾಖೆಯ ಅನುಮತಿ ಬೇಕು. ಕೊಡಗು, ಸಕಲೇಶಪುರದ ಕಡೆ ತೋಟಗಳಲ್ಲೂ ಆನೆ ಓಡಾಡುತ್ತವೆ. ತೋಟದವರು ತೋರಿಸಿದ ಜಾಗ ಬಿಟ್ಟು "ಅಲ್ಲಿ ವ್ಯೂ ಚೆನ್ನಾಗಿದೆ" ಅಂತ ಬೇರೆ ಕಡೆ ಹೋಗಬೇಡಿ.

ತೀರಾ ದೊಡ್ಡ ಟೆಂಟೂ ಬೇಡ. ಅಪ್ಪ, ಅಮ್ಮ, ಮಗುವಿಗೆ ಮೂರು ಜನರ ಟೆಂಟ್ ಸಾಕು. ಒಳಗಿನ ಜಾಗ ಕಡಿಮೆ ಇದ್ದಷ್ಟೂ ನಿಮ್ಮ ಮೈಬಿಸಿಗೇ ಅದು ಸ್ವಲ್ಪ ಬೆಚ್ಚಗಾಗುತ್ತದೆ.

ಇನ್ನು ಟೆಂಟ್ ಮೇಲಿನ ಹೊದಿಕೆ, ಫ್ಲೈಶೀಟ್ ಅನ್ನುತ್ತಾರಲ್ಲ, ಅದು. ಅದನ್ನು ಬಿಗಿಯಾಗಿ ಎಳೆದು ಕಟ್ಟಿ. ಒಳಗಿನ ಬಟ್ಟೆಗೆ ಅದು ತಾಗಿದರೆ ಮಲೆನಾಡಿನ ಇಬ್ಬನಿ ಒಳಕ್ಕೆ ತೊಟ್ಟಿಕ್ಕುತ್ತದೆ. ಟೆಂಟ್ ಕೆಳಗೆ ಹಾಸುವ ಟಾರ್ಪಾಲು ಟೆಂಟ್‌ನ ಅಂಚಿನಿಂದ ಆಚೆ ಚಾಚಿರಬಾರದು. ಚಾಚಿದ್ದರೆ ಒಳಕ್ಕೆ ಮಡಚಿ. ಇಲ್ಲದಿದ್ದರೆ ನೀರು ಅದರ ಮೇಲೆ ಬಿದ್ದು ಟೆಂಟ್ ಅಡಿಗೇ ಹರಿಯುತ್ತದೆ.

4. ಹಾಸು

ಇಡೀ ಲೇಖನದಲ್ಲಿ ಒಂದೇ ಹಂತವನ್ನು ಪಾಲಿಸುತ್ತೀರಿ ಅಂದರೆ ಇದನ್ನೇ ಪಾಲಿಸಿ.

ಮೈಯ ಕೆಳಗಿರುವ ರಗ್ಗಾಗಲಿ, ಸ್ಲೀಪಿಂಗ್ ಬ್ಯಾಗ್ ಆಗಲಿ ನಮ್ಮ ಭಾರಕ್ಕೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ. ಬೆಚ್ಚಗಿಡುವುದು ಬಟ್ಟೆಯ ಎಳೆಗಳ ನಡುವೆ ನಿಂತಿರುವ ಗಾಳಿ. ಒತ್ತಿಕೊಂಡರೆ ಆ ಗಾಳಿ ಹೋಯಿತು, ಬಿಸಿಯೂ ಹೋಯಿತು. ಅದಕ್ಕೇ ಒತ್ತಿದರೂ ಕುಗ್ಗದ ಫೋಮ್ ಮ್ಯಾಟ್ ಬೇಕು.

ಮ್ಯಾಟ್ ಕೊಳ್ಳುವಾಗ ಆರ್-ವ್ಯಾಲ್ಯೂ ಅನ್ನುವ ಸಂಖ್ಯೆ ನೋಡಿ. ನೆಲದ ಚಳಿಯನ್ನು ಮ್ಯಾಟ್ ಎಷ್ಟು ತಡೆಯುತ್ತದೆ ಅಂತ ಹೇಳುವ ಅಳತೆ ಅದು. ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು. ಬೇಸಿಗೆಗೆ 2 ಸಾಕು. ನಮ್ಮ ಮಲೆನಾಡಿನ ಡಿಸೆಂಬರ್‌ಗೆ 3ರಿಂದ 4 ಇರಲಿ. ಅಮೆರಿಕ, ಯುರೋಪಿನಲ್ಲಿದ್ದು ಶರತ್ಕಾಲದಲ್ಲಿ ಕ್ಯಾಂಪಿಂಗ್ ಹೋಗುವವರು 4ಕ್ಕಿಂತ ಕಡಿಮೆಗೆ ಹೋಗಬೇಡಿ. ಒಂದು ಅನುಕೂಲ ಏನೆಂದರೆ ಈ ಸಂಖ್ಯೆಗಳನ್ನು ಕೂಡಿಸಬಹುದು. 2ರ ಮ್ಯಾಟ್ ಮೇಲೆ 2ರ ಮ್ಯಾಟ್ ಹಾಕಿದರೆ 4. ದುಬಾರಿ ಮ್ಯಾಟ್ ಒಂದು ಕೊಳ್ಳುವ ಬದಲು ಸಾಧಾರಣ ಫೋಮ್ ಮ್ಯಾಟ್ ಎರಡು ಒಂದರ ಮೇಲೊಂದು ಹಾಕಿ. ಮನೆಯ ಯೋಗ ಮ್ಯಾಟ್ ಒಂದೇ ಆದರೆ ಸಾಲದು, ಮೂರನೆಯ ಪದರವಾಗಿ ಒಳ್ಳೆಯದು.

ಕೆಳಗಿನಿಂದ ಮೇಲಕ್ಕೆ ಕ್ರಮ ಹೀಗಿರಲಿ. ಟೆಂಟ್ ಹೊರಗೆ ನೆಲದ ಮೇಲೆ ಟಾರ್ಪಾಲು. ಅದರ ಮೇಲೆ ಟೆಂಟ್. ಒಳಗೆ ಎರಡು ಫೋಮ್ ಮ್ಯಾಟ್. ಮ್ಯಾಟ್ ಮೇಲೆ ಕಂಬಳಿ. ಕಂಬಳಿ ಮೇಲೆ ಕೌದಿ ಅಥವಾ ದಪ್ಪ ಬೆಡ್‌ಶೀಟ್, ಅಂಚುಗಳನ್ನು ಮ್ಯಾಟ್ ಕೆಳಗೆ ಸಿಕ್ಕಿಸಿ. ಅದರ ಮೇಲೆ ಮಗು.

ಕಂಬಳಿಯನ್ನು ಹೊದಿಸುವ ಬದಲು ಹಾಸಿ ಅನ್ನುವುದಕ್ಕೆ ಕಾರಣ ಇದೆ. ಕುರಿ ಉಣ್ಣೆಯ ನಮ್ಮ ಕಂಬಳಿ ಒರಟು, ಭಾರ. ಮಗುವಿನ ಮೈಗೆ ಚುಚ್ಚುತ್ತದೆ, ಎದೆಯ ಮೇಲೆ ತೂಕವಾಗುತ್ತದೆ. ಆದರೆ ಕೆಳಗೆ ಹಾಸಿದರೆ ಅದಕ್ಕೆ ಸಾಟಿಯಿಲ್ಲ. ಉಣ್ಣೆ ಸ್ವಲ್ಪ ತೇವವಾದರೂ ಬೆಚ್ಚಗೇ ಇರುತ್ತದೆ, ಒತ್ತಿದರೂ ಪೂರ್ತಿ ಚಪ್ಪಟೆಯಾಗುವುದಿಲ್ಲ. ಕುರಿಗಾಹಿಗಳು ಬಯಲಿನಲ್ಲಿ ಕಂಬಳಿ ಹಾಸಿ ಮಲಗುವುದು ಇದೇ ಗುಣಕ್ಕೆ. ಅಜ್ಜಿ ಮನೆಯ ಅಟ್ಟದಲ್ಲಿ ಒಂದು ಬಿದ್ದಿದ್ದರೆ ಕೊಡವಿ, ಬಿಸಿಲಿಗೆ ಹಾಕಿ ತೆಗೆದುಕೊಂಡು ಹೋಗಿ. ಕೌದಿ ಹತ್ತಿ ಬಟ್ಟೆಯದ್ದು, ಮೆತ್ತಗಿರುತ್ತದೆ. ಆದರೆ ತೇವ ಹಿಡಿಯುತ್ತದೆ. ಸಂಜೆ ಹೊರಗೆ ಹರಡಿ ಅದರ ಮೇಲೆ ಕೂತು ಹರಟೆ ಹೊಡೆದು, ಇಬ್ಬನಿ ಬಿದ್ದ ಮೇಲೆ ಅದನ್ನೇ ಒಳಗೆ ಹಾಸಬೇಡಿ.

ಗಾಳಿ ತುಂಬುವ ಹಾಸಿಗೆ, ಅಂದರೆ ಏರ್ ಬೆಡ್, ಮೆತ್ತಗೆ ಇದೆ ಅಂತ ಹಲವರು ತರುತ್ತಾರೆ. ಸಾಮಾನ್ಯ ಏರ್ ಬೆಡ್‌ನ ಒಳಗಿನ ಗಾಳಿ ನಿಂತಿರುವುದಿಲ್ಲ, ಸುತ್ತುತ್ತಿರುತ್ತದೆ. ಕೆಳಗಿನ ತಣ್ಣನೆಯ ಗಾಳಿಯೇ ಬೆನ್ನಿಗೆ ಬರುತ್ತದೆ. ಅದಕ್ಕಿಂತ ಮುಖ್ಯವಾದ ವಿಷಯ: 15 ತಿಂಗಳು ಮತ್ತು ಅದಕ್ಕಿಂತ ಚಿಕ್ಕ ಮಗುವನ್ನು ಏರ್ ಬೆಡ್ ಮೇಲೆ ಮಲಗಿಸಲೇಬಾರದು. ಕುಸಿದ ಜಾಗದಲ್ಲಿ ಮುಖ ಹೂತು ಉಸಿರು ಕಟ್ಟಬಹುದು. ಎರಡು, ಮೂರು ವರ್ಷದವರಿಗೂ ಫೋಮ್ ಮ್ಯಾಟೇ ಒಳ್ಳೆಯದು.

ಇನ್ನೊಂದು ಎಚ್ಚರಿಕೆ ನಮ್ಮ ಕಡೆಗೇ ಸೇರಿದ್ದು. ಟೆಂಟ್ ಕೆಳಗೆ ಮೆತ್ತಗಿರಲಿ ಅಂತ ಒಣ ಎಲೆ, ತರಗು ಗುಡ್ಡೆ ಹಾಕಬೇಡಿ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು. ಅದು ಹರಡುವುದು ಉಣ್ಣಿಗಳಿಂದ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಆಗ ಸಣ್ಣ ಉಣ್ಣಿಗಳು ತರಗೆಲೆಯಲ್ಲೇ ಇರುತ್ತವೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಡೆ ಹೋಗುವವರು ಸುತ್ತಮುತ್ತ ಮಂಗ ಸತ್ತದ್ದು ಏನಾದರೂ ಇದೆಯಾ ಅಂತ ಊರಿನವರನ್ನು ಕೇಳಿ. ಇದ್ದರೆ ಅಲ್ಲಿ ಉಳಿಯಬೇಡಿ. ಮಗುವನ್ನು ತರಗಿನ ಮೇಲೆ ಕೂರಿಸಬೇಡಿ, ಮಲಗುವ ಮುಂಚೆ ಬಟ್ಟೆ ಬಿಚ್ಚಿ ಮೈಯೆಲ್ಲ ಒಮ್ಮೆ ನೋಡಿ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ಮರೆಯಬೇಡಿ.

5. ಬಟ್ಟೆ

ಮೈಗೆ ತಾಗುವ ಪದರ ಹತ್ತಿಯದ್ದಾಗಿರಬಾರದು. ದಿನವೂ ಹತ್ತಿಯೇ ಒಳ್ಳೆಯದು, ನಿಜ. ಆದರೆ ಹತ್ತಿ ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಅದೇ ಚಳಿ ಕೊಡುತ್ತದೆ. ತೆಳುವಾದ ಥರ್ಮಲ್ ಅಥವಾ ಮೆತ್ತನೆಯ ಮೆರಿನೋ ಉಣ್ಣೆಯ ಉಡುಪು ಹಾಕಿ. ಅದರ ಮೇಲೆ ಫ್ಲೀಸ್, ಅಂದರೆ ಮೆತ್ತಗೆ ಜುಂಗು ಜುಂಗಾಗಿರುವ ಹಗುರ ಬಟ್ಟೆ. ಸಾಧ್ಯವಾದರೆ ಕತ್ತಿನಿಂದ ಪಾದದವರೆಗೆ ಒಂದೇ ತುಂಡಿನದ್ದು ತನ್ನಿ. ಅಂಗಿ ಮೇಲೆ ಸರಿದು ಹೊಟ್ಟೆ, ಬೆನ್ನು ತೆರೆದುಕೊಳ್ಳುವುದು ತಪ್ಪುತ್ತದೆ.

ಎಷ್ಟು ಪದರ? ನೀವು ಬೆಚ್ಚಗಿರಲು ಎಷ್ಟು ಹಾಕಿಕೊಂಡಿದ್ದೀರೋ ಅದಕ್ಕಿಂತ ಒಂದು ಜಾಸ್ತಿ. ಬಿಗಿಯಾದ ನಾಲ್ಕು ಸ್ವೆಟರ್‌ಗಿಂತ ಸಡಿಲವಾದ ಎರಡು ಪದರ ಮೇಲು. ಕಾಲುಚೀಲ ಬಿಗಿಯಾದರೆ ಪಾದಕ್ಕೆ ರಕ್ತ ಸರಿಯಾಗಿ ಹೋಗದೆ ಇನ್ನೂ ತಣ್ಣಗಾಗುತ್ತದೆ.

ಟೋಪಿ ಹಾಕಿ, ಆದರೆ ತೆಳ್ಳಗಿರಲಿ, ಮೂಗಿನ ಮೇಲೆ ಜಾರದಂತಿರಲಿ. ಗದ್ದದ ಕೆಳಗೆ ದಾರ ಕಟ್ಟುವ ಕುಲಾವಿ ಹಗಲಿಗೆ ಸರಿ, ನಿದ್ದೆಯಲ್ಲಿ ಬೇಡ. ಮಫ್ಲರ್, ಶಾಲು ಕತ್ತಿಗೆ ಸುತ್ತಿ ಮಲಗಿಸುವುದಂತೂ ಬೇಡವೇ ಬೇಡ.

ಬಹಳ ಜನ ಎಡವುವುದು ಇಲ್ಲಿ: ಕ್ಯಾಂಪ್‌ಫೈರ್ ಹತ್ತಿರ ಮಗು ಓಡಾಡಿ ಬೆವೆತಿರುತ್ತದೆ, ಅಲ್ಲೇ ತೊಡೆಯ ಮೇಲೆ ನಿದ್ದೆ ಹೋಗುತ್ತದೆ. ಎಬ್ಬಿಸುವುದು ಯಾಕೆ ಅಂತ ಹಾಗೇ ಎತ್ತಿಕೊಂಡು ಹೋಗಿ ಮಲಗಿಸುತ್ತಾರೆ. ದಯವಿಟ್ಟು ಎಬ್ಬಿಸಿ. ಅತ್ತರೂ ಪರವಾಗಿಲ್ಲ. ಹಗಲಿನ ಬಟ್ಟೆ, ಕಾಲುಚೀಲ ಎಲ್ಲ ಬಿಚ್ಚಿ, ಬೆವರು ಒರೆಸಿ, ಒಣಗಿದ್ದನ್ನು ಹಾಕಿ.

6. ಹೊದಿಕೆ

ಒದ್ದು ಹಾಕುವ ಮಗುವಿಗೆ ರಗ್ಗು ಹೊದಿಸಿ ಪ್ರಯೋಜನ ಕಡಿಮೆ. ತೊಡಿಸುವ ಚೀಲವೇ ಪರಿಹಾರ. ಕತ್ತು, ಕಂಕುಳ ಹತ್ತಿರ ಸರಿಯಾಗಿ ಕೂರುವ, ಕೆಳಗೆ ಚೀಲದಂತೆ ಮುಚ್ಚಿರುವ ಉಡುಪು ಇದು. ಇದರ ಮೇಲೆ ಟಾಗ್ ಅಂತ ಒಂದು ಸಂಖ್ಯೆ ಇರುತ್ತದೆ. ಬಟ್ಟೆ ಎಷ್ಟು ಬೆಚ್ಚಗಿಡುತ್ತದೆ ಅನ್ನುವುದರ ಅಳತೆ. 2.5 ಟಾಗ್ 16ರಿಂದ 20 ಡಿಗ್ರಿಯ ಕೋಣೆಗೆ. 3.5 ಅದಕ್ಕಿಂತ ಚಳಿಗೆ. 10ರಿಂದ 15 ಡಿಗ್ರಿಯ ಟೆಂಟ್‌ಗೆ 3.5 ಸಿಕ್ಕರೆ ಒಳ್ಳೆಯದು. 2.5 ಇದ್ದರೆ ಒಳಗೆ ಥರ್ಮಲ್, ಫ್ಲೀಸ್ ಎರಡೂ ಇರಲಿ.

ಅಂಗಡಿಯದ್ದೇ ಆಗಬೇಕಿಲ್ಲ. ಹಳೆಯ ಫ್ಲೀಸ್ ರಗ್ಗು ಕೊಟ್ಟರೆ ಬೀದಿಯ ಟೈಲರ್ ಹೊಲಿದು ಕೊಡುತ್ತಾರೆ. ಹೇಳಬೇಕಾದ್ದು ಮೂರು: ಕತ್ತಿನ ಭಾಗ ಮಗುವಿನ ತಲೆ ಒಳಗೆ ಜಾರುವಷ್ಟು ಅಗಲ ಇರಬಾರದು, ತಲೆಮುಸುಕು ಬೇಡ, ದಾರ ಬೇಡ.

ದೊಡ್ಡವರ ಸ್ಲೀಪಿಂಗ್ ಬ್ಯಾಗ್‌ನಲ್ಲಿ ಮಗುವನ್ನು ಒಂಟಿಯಾಗಿ ಮಲಗಿಸಬೇಡಿ. ಒಳಗೆ ಜಾರಿದರೆ ಉಸಿರಿಗೆ ಕಷ್ಟ. ಜೊತೆಗೆ ಕಾಲಿನ ಕಡೆಯ ಅಷ್ಟು ಖಾಲಿ ಜಾಗವನ್ನು ಪುಟ್ಟ ಮೈ ಬೆಚ್ಚಗೆ ಮಾಡಲಾರದು. ಮಕ್ಕಳ ಸ್ಲೀಪಿಂಗ್ ಬ್ಯಾಗ್ ಕೊಂಡರೆ ಲೇಬಲ್ಲಿನ ಡಿಗ್ರಿಯನ್ನು ಪೂರ್ತಿ ನಂಬಬೇಡಿ. ಬ್ಯಾಗ್‌ಗಳನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡ ದೊಡ್ಡವರ ಬ್ಯಾಗ್‌ಗಳಿಗೆ ಮಾತ್ರ. ಮಕ್ಕಳ ಬ್ಯಾಗ್ ಮೇಲಿರುವುದು ಕಂಪನಿಯ ಅಂದಾಜು. ನಿಮ್ಮ ಬ್ಯಾಗ್‌ನಲ್ಲೂ "ಕಂಫರ್ಟ್" ಅಂತ ಬರೆದ ಸಂಖ್ಯೆ ನೋಡಿ. "ಎಕ್ಸ್‌ಟ್ರೀಮ್" ಅನ್ನುವುದು ಜೀವ ಉಳಿಯುವ ಮಟ್ಟ, ನಿದ್ದೆ ಬರುವ ಮಟ್ಟ ಅಲ್ಲ.

ಮಗು ಮಲಗಬೇಕಾದ್ದು ನಡುವೆ, ಟೆಂಟ್ ಗೋಡೆಯಿಂದ ದೂರ. ಗೋಡೆಗೆ ಒರಗಿದರೆ ಅಲ್ಲಿನ ಹನಿ ನೀರು ಬಟ್ಟೆಗೆ ಹತ್ತುತ್ತದೆ. ಮಗುವಿಗೆ ಅದರದೇ ಮ್ಯಾಟ್, ಅದರದೇ ಚೀಲ ಇರಲಿ. ನಿಮ್ಮ ರಗ್ಗು ಅದರ ಮುಖದ ಮೇಲೆ ಬರದಂತೆ ನೋಡಿಕೊಳ್ಳಿ. ಕುಡಿದವರು ಮಗುವಿನ ಪಕ್ಕ ಮಲಗಬಾರದು. ಕ್ಯಾಂಪ್‌ಫೈರ್ ಅಂದರೆ ಕುಡಿಯುವುದು ಸಾಮಾನ್ಯವಾಗಿದೆ, ಆದರೆ ಆ ರಾತ್ರಿ ತಂದೆ ತಾಯಿಯರಲ್ಲಿ ಒಬ್ಬರಾದರೂ ಮುಟ್ಟದೆ ಇರಬೇಕು. ಮಗುವನ್ನು ನೋಡಿಕೊಳ್ಳಲೂ, ಬೇಕಾದರೆ ಕಾರು ಓಡಿಸಲೂ.

7. ಮಲಗುವ ಮುಂಚಿನ ಒಂದು ಗಂಟೆ

ಸ್ಲೀಪಿಂಗ್ ಬ್ಯಾಗ್ ಬಿಸಿ ಹುಟ್ಟಿಸುವುದಿಲ್ಲ, ಇರುವ ಬಿಸಿಯನ್ನು ಫ್ಲಾಸ್ಕಿನಂತೆ ಹಿಡಿದಿಡುತ್ತದೆ ಅಷ್ಟೇ. ಆದ್ದರಿಂದ ಮಗು ಬೆಚ್ಚಗಿರುವಾಗಲೇ ಅದರೊಳಗೆ ಹೋಗಬೇಕು.

ಊಟ ಬೇಗ ಆಗಲಿ, ಏಳೂವರೆಯೊಳಗೆ. ತುಪ್ಪ ಹಾಕಿದ ಬಿಸಿ ಅನ್ನ, ರಾಗಿ ಸರಿ, ಗಂಜಿ, ಮಗು ದಿನವೂ ತಿನ್ನುವ ಏನಾದರೂ ಸರಿ. ಹೊಸ ರುಚಿ ತೋರಿಸುವ ರಾತ್ರಿ ಇದಲ್ಲ. ಮಲಗುವ ಮುಂಚೆ ಉಗುರುಬೆಚ್ಚಗಿನ ಹಾಲು.

ಸಂಜೆ ಸ್ನಾನ ಬೇಡ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಕೈ, ಕಾಲು, ಮುಖ ಒರೆಸಿ, ಕೂಡಲೇ ಒಣ ಬಟ್ಟೆಯಿಂದಲೂ ಒರೆಸಿ. ಉಚ್ಚೆ ಮಾಡಿಸಿ. ಡೈಪರ್ ಆದರೆ ರಾತ್ರಿಗೆ ಒಂದು ಸೈಜ್ ದೊಡ್ಡದು ಹಾಕಿ, ಸೋರುವುದು ಕಡಿಮೆ. ನೀವು ಮಲಗುವಾಗ, ಹತ್ತು ಹತ್ತೂವರೆಗೆ, ಇನ್ನೊಮ್ಮೆ ಬದಲಿಸಿ. ಮಧ್ಯರಾತ್ರಿಗೆ ಬೇಕಾಗುವ ಪ್ಯಾಂಟು, ಡೈಪರ್ ಬ್ಯಾಗಿನಲ್ಲಿ ತಣ್ಣಗೆ ಬಿದ್ದಿರುವುದು ಬೇಡ. ನಿಮ್ಮ ಹೊದಿಕೆಯೊಳಗೆ ಇಟ್ಟುಕೊಳ್ಳಿ. ಹಾಕುವಾಗ ಬೆಚ್ಚಗಿದ್ದರೆ ಮಗು ಎಚ್ಚರವಾಗದೆ ನಿದ್ದೆ ಮುಂದುವರಿಸುತ್ತದೆ.

ಬಿಸಿನೀರಿನ ಚೀಲ ಉಪಯೋಗಿಸುವ ರೀತಿ ಒಂದೇ. ಮಲಗುವ ಅರ್ಧ ಗಂಟೆ ಮುಂಚೆ ಹಾಸಿಗೆಯ ಮೇಲೆ, ರಗ್ಗಿನ ಕೆಳಗೆ ಇಡಿ. ಮಗು ಮಲಗುವಾಗ ತೆಗೆದುಬಿಡಿ. ಕುದಿಯುವ ನೀರು ತುಂಬಬೇಡಿ, ಮುಚ್ಚಳ ಸೋರುತ್ತದಾ ನೋಡಿ. ಮಗುವಿನ ಪಕ್ಕ ಬಿಟ್ಟರೆ ಒಂದೇ ಜಾಗಕ್ಕೆ ಗಂಟೆಗಟ್ಟಲೆ ತಾಗಿ ಚರ್ಮ ಸುಡುತ್ತದೆ. ಅಲುಗಿಸಿದರೆ ಬಿಸಿಯಾಗುವ ಸಣ್ಣ ಪ್ಯಾಕೆಟ್‌ಗಳೂ ಮಗುವಿಗೆ ಬೇಡ.

ಚಳಿಗೆ "ಒಂದೆರಡು ಹನಿ ಬ್ರಾಂದಿ" ಅನ್ನುವ ಮಾತು ಮಲೆನಾಡು, ಕೊಡಗಿನಲ್ಲಿ ಇನ್ನೂ ಕೇಳಿಸುತ್ತದೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಕೊಡಬೇಡಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮುಖ ಬೆಚ್ಚಗನ್ನಿಸುತ್ತದೆ, ಒಳಗಿನ ಬಿಸಿ ಮಾತ್ರ ಹೊರಗೆ ಹೋಗುತ್ತದೆ. ಮಕ್ಕಳಲ್ಲಿ ರಕ್ತದ ಸಕ್ಕರೆಯೂ ಇಳಿಯುತ್ತದೆ. ಕರ್ಪೂರ ಇರುವ ಮುಲಾಮುಗಳನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು.

8. ಟೆಂಟ್ ಒಳಗೆ ಬೆಂಕಿ, ಕೆಂಡ ಇಡಲೇಬೇಡಿ

ಹೊರಗೆ ಕ್ಯಾಂಪ್‌ಫೈರ್ ಮುಗಿದ ಮೇಲೆ ಕೆಂಡ ಉಳಿದಿರುತ್ತದೆ. ಬಾಣಲೆಗೆ ಹಾಕಿ ಟೆಂಟ್ ಬಾಗಿಲ ಹತ್ತಿರ ಇಟ್ಟರೆ ಬೆಚ್ಚಗಾಗುತ್ತದೆ ಅಂತ ಯಾರಾದರೂ ಹೇಳಬಹುದು. "ಹೊಗೆ ಇಲ್ಲವಲ್ಲ" ಅಂತಲೂ ಹೇಳಬಹುದು. ಹೊಗೆ ಇಲ್ಲದ ಕೆಂಡವೇ ಜಾಸ್ತಿ ಅಪಾಯ. ಅದರಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಒಯ್ಯುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಎಚ್ಚರವೇ ಆಗುವುದಿಲ್ಲ. ಮಕ್ಕಳು ಬೇಗ ಬೇಗ ಉಸಿರಾಡುವುದರಿಂದ ಅವರಿಗೇ ಮೊದಲು ತಟ್ಟುತ್ತದೆ. ಉತ್ತರ ಭಾರತದಲ್ಲಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿ ಇಡೀ ಕುಟುಂಬ ಸತ್ತ ಸುದ್ದಿ ಚಳಿಗಾಲ ಬಂದಾಗಲೆಲ್ಲ ಓದುತ್ತೇವೆ.

ಗ್ಯಾಸ್ ಹೀಟರ್, ಸ್ಟವ್, ಸೀಮೆಎಣ್ಣೆ ಲಾಂದ್ರ, ಮೇಣದಬತ್ತಿ, ಸೊಳ್ಳೆ ಬತ್ತಿ ಇವೂ ಟೆಂಟ್ ಒಳಗೆ ಬರಬಾರದು. ಬಾಗಿಲು ತೆರೆದಿಟ್ಟರೂ ಬೇಡ. ಟೆಂಟ್ ಬಟ್ಟೆಗೆ ಬೆಂಕಿ ಹತ್ತಿದರೆ ಮಗುವನ್ನು ಎತ್ತಿಕೊಂಡು ಜಿಪ್ ತೆಗೆಯುವಷ್ಟು ಸಮಯ ಸಿಗುವುದಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಚಳಿಗೆ ಹೆದರಿ ಟೆಂಟ್‌ನ ಎಲ್ಲ ಕಿಂಡಿ ಮುಚ್ಚಬೇಡಿ. ಮೂವರ ಉಸಿರಿನ ತೇವ ಒಳಗೇ ಉಳಿದು, ತಣ್ಣನೆಯ ಗೋಡೆಗೆ ತಾಗಿ ಹನಿಯಾಗಿ, ಹೊದಿಕೆ ಒದ್ದೆಯಾಗುತ್ತದೆ. ಮೇಲಿನ ಕಿಂಡಿ ತೆರೆದಿರಲಿ. ಸ್ವಲ್ಪ ತಣ್ಣಗಿನ ಒಣ ಗಾಳಿ ಬೆಚ್ಚಗಿನ ಒದ್ದೆ ಗಾಳಿಗಿಂತ ಒಳ್ಳೆಯದು.

9. ರಾತ್ರಿ ಮುಟ್ಟಿ ನೋಡುವುದು

ಕೈ, ಕಾಲು, ಮೂಗು ಮುಟ್ಟಿ ನಿರ್ಧಾರ ಮಾಡಬೇಡಿ. ಅವು ತಣ್ಣಗಿರುವುದು ಸಹಜ. ಕತ್ತಿನ ಹಿಂಭಾಗ, ಎದೆ, ಬೆನ್ನು ಮುಟ್ಟಿ. ಬೆಚ್ಚಗೆ, ಒಣಗಿದ್ದರೆ ಸರಿ. ಬೆವೆತಿದ್ದರೆ ಒಂದು ಪದರ ತೆಗೆಯಿರಿ, ಸೆಕೆಯಾಗುವುದೂ ಚಿಕ್ಕ ಮಕ್ಕಳಿಗೆ ಅಪಾಯವೇ. ತಣ್ಣಗಿದ್ದರೆ ಕೂಡಲೇ ಏಳಿ.

ಮಲಗಿಸಿದ ಒಂದು ಗಂಟೆಗೆ, ನೀವು ಮಲಗುವಾಗ, ಆಮೇಲೆ ಬೆಳಗಿನ ಜಾವ ನಾಲ್ಕಕ್ಕೆ ಅಲಾರಂ ಇಟ್ಟು ನೋಡಿ. ರಾತ್ರಿಯ ಅತಿ ಹೆಚ್ಚು ಚಳಿ ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ. ಹತ್ತು ಗಂಟೆಗೆ ಸರಿ ಇದ್ದದ್ದು ಐದಕ್ಕೂ ಸರಿ ಇರುತ್ತದೆ ಅಂತ ಹೇಳಲಾಗದು.

ಎದೆ, ಹೊಟ್ಟೆ ತಣ್ಣಗಿದ್ದರೆ ಮೊದಲು ಒದ್ದೆ ಇದೆಯಾ ನೋಡಿ. ಹೆಚ್ಚಿನ ಸಲ ಡೈಪರ್ ಸೋರಿರುತ್ತದೆ. ಒದ್ದೆ ಬಟ್ಟೆ ತೆಗೆದು, ಅಂಗಿ ಬಿಚ್ಚಿದ ನಿಮ್ಮ ಎದೆಗೆ ಮಗುವನ್ನು ಒತ್ತಿ ಹಿಡಿದು, ಇಬ್ಬರಿಗೂ ಸೇರಿಸಿ ಹೊದ್ದುಕೊಳ್ಳಿ. ಮುಖ ಹೊರಗಿರಲಿ. ಅದಕ್ಕಿಂತ ಒಳ್ಳೆಯ ಹೀಟರ್ ಆ ಹೊತ್ತಿನಲ್ಲಿ ಇಲ್ಲ. ಎಚ್ಚರವಾಗಿದ್ದರೆ ಫ್ಲಾಸ್ಕಿನಿಂದ ಬೆಚ್ಚಗಿನ ಹಾಲು ಕೊಡಿ. ಹೀಗೆ ಹಿಡಿದವರು ಮಾತ್ರ ನಿದ್ದೆ ಮಾಡಬಾರದು.

ಮಗು ಮಂಕಾಗಿ ಬಿದ್ದಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಅಳು ಕ್ಷೀಣವಾಗಿದ್ದರೆ, ಹಾಲು ಬೇಡವೆಂದರೆ, ಥರ್ಮಾಮೀಟರ್ 35 ಡಿಗ್ರಿ ಸೆಲ್ಸಿಯಸ್ (95 ಫ್ಯಾರನ್‌ಹೀಟ್)ಗಿಂತ ಕಡಿಮೆ ತೋರಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಎದೆಗೆ ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ. ತುಂಬಾ ಚಿಕ್ಕ ಮಕ್ಕಳು ಮೈ ತಣ್ಣಗಾದರೂ ನಡುಗದೇ ಇರಬಹುದು. ಸುಮ್ಮನಿದೆ, ನಿದ್ದೆ ಮಾಡುತ್ತಿದೆ ಅಂದುಕೊಳ್ಳುವುದು ಅಲ್ಲಿ ಆಗುವ ದೊಡ್ಡ ತಪ್ಪು.

ಅಷ್ಟು ಗಂಭೀರ ಅಲ್ಲದಿದ್ದರೂ, ಎರಡು ಸಲ ಸರಿಪಡಿಸಿದ ಮೇಲೂ ಮಗುವಿನ ಎದೆ ಬೆಚ್ಚಗಾಗದಿದ್ದರೆ ಟೆಂಟ್ ಬಿಟ್ಟು ರೂಮಿಗೆ ಹೋಗಿ. ರಾತ್ರಿ ಮೂರು ಗಂಟೆಗೆ ಹೋಮ್‌ಸ್ಟೇ ಮನೆಯವರ ಬಾಗಿಲು ತಟ್ಟಲು ಸಂಕೋಚ ಬೇಡ. ಮಗುವಿಗೆ ಚಳಿ ಅಂದರೆ ಕೊಡಗಿನಲ್ಲೂ ಮಲೆನಾಡಿನಲ್ಲೂ ಒಳಗೆ ಕರೆಯದ ಮನೆ ಇರಲಾರದು.

10. ಎರಡನೆಯ ರಾತ್ರಿ ಉಳಿಯುವವರಿಗೆ

ಮೊದಲ ರಾತ್ರಿಗಿಂತ ಎರಡನೆಯ ರಾತ್ರಿ ಚಳಿ ಜಾಸ್ತಿ ಅನ್ನಿಸುತ್ತದೆ ಅಂತ ಹಲವರು ಹೇಳುತ್ತಾರೆ. ಹವಾಮಾನ ಬದಲಾಗಿರುವುದಿಲ್ಲ, ಹಾಸು ಹೊದಿಕೆ ತೇವ ಹಿಡಿದಿರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಹೊರಗೆ ಹಾಕಬೇಡಿ, ಇಬ್ಬನಿ ಇನ್ನೂ ಇರುತ್ತದೆ. ಒಂಬತ್ತು ಹತ್ತು ಗಂಟೆಗೆ ಹುಲ್ಲು ಒಣಗಿದ ಮೇಲೆ ಕಂಬಳಿ, ಕೌದಿ, ಮಲಗುವ ಚೀಲ ಎಲ್ಲವನ್ನೂ ಹಗ್ಗದ ಮೇಲೆ ಹರವಿ, ಒಳಭಾಗ ಹೊರಗೆ ಮಾಡಿ ಒಣಗಿಸಿ. ಮ್ಯಾಟ್ ತಿರುವಿ ಹಾಕಿ, ಟೆಂಟ್ ನೆಲ ಒರೆಸಿ. ಮಧ್ಯಾಹ್ನ ಸುತ್ತಾಡಲು ಹೋಗುವ ಆತುರದಲ್ಲಿ ಹಗ್ಗದ ಮೇಲೇ ಬಿಟ್ಟು ಹೋಗಬೇಡಿ. ನಾಲ್ಕು ಗಂಟೆಯೊಳಗೆ ಒಳಗೆ ತಂದು ಮಡಚಿಡಿ. ಮಲೆನಾಡಿನಲ್ಲಿ ಬಿಸಿಲು ಇಳಿದ ಕೂಡಲೇ ಬಟ್ಟೆ ಮತ್ತೆ ತೇವ ಹಿಡಿಯಲು ಶುರುವಾಗುತ್ತದೆ.